ರಾಧಾಕಮಲ ಮುಕರ್ಜಿಯವರ ನದೀ ಅರ್ಥಶಾಸ್ತ್ರ

ನೆಲ, ನೀರು, ಕಾಡುಗಳ ಶಕ್ತಿಯನ್ನು ಬರಿದುಮಾಡದೆ ನಡೆಯಬಲ್ಲ ಆರ್ಥಿಕ ವ್ಯವಸ್ಥೆ ಯಾವುದೆಂಬ ಪ್ರಶ್ನೆ ಇಂದು ಅರ್ಥಶಾಸ್ತ್ರದಲ್ಲಿ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದಿದೆ. ಈ ಶಾಖೆಯ ಇತಿಹಾಸವನ್ನು ಹೇಳುವವರು 1966ರಲ್ಲಿ ಪ್ರಕಟವಾದ ಕೆನೆತ್ ಬೋಲ್ಡಿಂಗರ ಪ್ರಬಂಧದಿಂದ ಹೊರಟು, 1971ರಲ್ಲಿ ಬಂದ ಜಾರ್ಜೆಸ್ಕು-ರೋಗನ್ನರ ಗ್ರಂಥವನ್ನು ಹಾಯ್ದು, ಅವರ ಶಿಷ್ಯ ಹರ್ಮನ್ ಡೇಲಿಯವರಲ್ಲಿಗೆ ಬಂದು ನಿಲ್ಲುವುದು ವಾಡಿಕೆ. ಇವರೆಲ್ಲರಿಗಿಂತ ನಾಲ್ಕು ದಶಕಗಳ ಹಿಂದೆಯೇ ಭಾರತದ ಒಂದು ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪೀಠದಲ್ಲಿ ಕುಳಿತು ಇದೇ ಪ್ರಶ್ನೆಯನ್ನು ಕೇಳಿದ ರಾಧಾಕಮಲ ಮುಕರ್ಜಿಯವರ (1889–1968) ಹೆಸರು ಆ ವೃತ್ತಾಂತದಲ್ಲಿ ಕಾಣಬರುವುದು ವಿರಳ. ಅವರು ಬರೆದ ಗ್ರಂಥಗಳು ಹತ್ತಾರು. ಅವುಗಳಲ್ಲಿ ಬಹುಭಾಗ ಈಗ ಗ್ರಂಥಾಲಯಗಳ ಹಿಂದಿನ ಸಾಲಿಗೆ ಸೇರಿದ್ದರೆ ಅದಕ್ಕೆ ಕಾರಣಗಳುಂಟು. ಅವನ್ನು ಮುಂದೆ ಪರಿಶೀಲಿಸುವೆವು. ಆದರೆ ಅವುಗಳ ನಡುವೆ ಇತಿಹಾಸದ ವಿದ್ಯಾರ್ಥಿ ಮರೆಯಬಾರದ ಪುಸ್ತಕವೊಂದಿದೆಯೆಂದೂ, ಮುಕರ್ಜಿಯವರ ಕೀರ್ತಿ ಅವರ ವಿಶಾಲವಾದ ಸಿದ್ಧಾಂತಗಳಿಗಿಂತ ಆ ಒಂದು ಪುಸ್ತಕದ ಮೇಲೆಯೇ ಹೆಚ್ಚು ಭದ್ರವಾಗಿ ನಿಲ್ಲಬಲ್ಲುದೆಂದೂ ನಮ್ಮ ಅಭಿಪ್ರಾಯ.

ಮುಕರ್ಜಿಯವರು ಹುಟ್ಟಿದ್ದು ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯ ಬಹರಾಂಪುರದಲ್ಲಿ. ಅವರ ತಂದೆ ವಕೀಲರು. ಊರು ಭಾಗೀರಥಿಯ ದಡದಲ್ಲಿದೆ. ಗಂಗೆಯ ಹಳೆಯ ಕವಲಾದ ಈ ಭಾಗೀರಥಿ ಆ ಕಾಲಕ್ಕಾಗಲೇ ಮಳೆಗಾಲದಲ್ಲಿ ಮಾತ್ರ ನದಿ. ಬೇಸಗೆಯಲ್ಲಿ ಅದರ ಪಾತ್ರದಲ್ಲಿ ಮರಳೇ ಹೆಚ್ಚು. ಬಹರಾಂಪುರಕ್ಕೆ ಸೇರಿಕೊಂಡಂತೆಯೇ ಇರುವ ಕಾಸಿಂಬಜಾರ್ ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ರೇಷ್ಮೆಯ ವ್ಯಾಪಾರಕ್ಕೆ ಹೆಸರಾದ ಪಟ್ಟಣ; ಇಂಗ್ಲಿಷರೂ ಡಚ್ಚರೂ ಅಲ್ಲಿ ಕೋಠಿಗಳನ್ನಿಟ್ಟಿದ್ದರು. 1813ರ ಸುಮಾರಿಗೆ ನದಿ ತನ್ನ ಜಾಡನ್ನು ಬದಲಿಸಿ ಪಟ್ಟಣವನ್ನು ಬಿಟ್ಟು ಸರಿಯಿತು. ಹಿಂದೆ ಉಳಿದದ್ದು ನಿಂತ ನೀರು. ಅದರ ಹಿಂದೆಯೇ ಜ್ವರ ಬಂದಿತು. ಕೆಲವೇ ವರ್ಷಗಳಲ್ಲಿ ಊರು ಹಾಳುಸುರಿಯಿತು. ಮುಂದೆ ಮುಕರ್ಜಿಯವರು ಅಧ್ಯಾಪಕರಾಗಿ ಸೇರಿದ ಬಹರಾಂಪುರದ ಕೃಷ್ಣನಾಥ ಕಾಲೇಜು ಇದೇ ಕಾಸಿಂಬಜಾರಿನ ಜಮೀನ್ದಾರಿ ಮನೆತನದ ಪೋಷಣೆಯಲ್ಲಿದ್ದ ಸಂಸ್ಥೆ. ಒಂದು ನದಿಯ ಚಲನೆಯಿಂದ ಒಂದು ಊರಿನ ಭಾಗ್ಯ ಬದಲಾಗುವುದೆಂಬುದನ್ನು ತಿಳಿಯಲು ಅವರು ಪುಸ್ತಕವನ್ನು ಬಿಚ್ಚಬೇಕಾಗಿರಲಿಲ್ಲ.

ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರ ಮೊದಲ ಒಲವು ಇತಿಹಾಸದ ಕಡೆಗಿತ್ತು. ನಗರದ ಕೊಳೆಗೇರಿಗಳ ದಾರಿದ್ರ್ಯವನ್ನು ಕಣ್ಣಾರೆ ಕಂಡಮೇಲೆ ಅವರು ಅರ್ಥಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ಹೊರಳಿದರು. ಸ್ವದೇಶೀ ಚಳವಳಿಯ ಆ ವರ್ಷಗಳಲ್ಲಿ ದುಡಿಯುವ ವಯಸ್ಕರಿಗಾಗಿ ರಾತ್ರಿಶಾಲೆಯನ್ನು ನಡೆಸಿದರು. 1916ರಲ್ಲಿ ಪ್ರಕಟವಾದ ಅವರ 'ಫೌಂಡೇಷನ್ಸ್ ಆಫ್ ಇಂಡಿಯನ್ ಇಕನಾಮಿಕ್ಸ್' ಹಳ್ಳಿಯ ಕಸಬುಗಳ ಸಮೀಕ್ಷೆ. ಆಗ ಭಾರತದಲ್ಲಿದ್ದ ಸ್ಕಾಟ್ಲೆಂಡಿನ ಜೀವವಿಜ್ಞಾನಿ ಹಾಗೂ ನಗರಯೋಜಕ ಪ್ಯಾಟ್ರಿಕ್ ಗೆಡ್ಡಿಸ್ ಅದಕ್ಕೆ ಪೀಠಿಕೆ ಬರೆದರು. ಸ್ಥಳ, ಕಸಬು, ಜನ ಈ ಮೂರನ್ನು ಒಟ್ಟಿಗೆ ನೋಡದೆ ಯಾವ ಸಮಾಜವನ್ನೂ ಅರಿಯಲಾಗದೆಂಬುದು ಗೆಡ್ಡಿಸರ ಮತ. ಮುಕರ್ಜಿಯವರು ಅದನ್ನು ಗುರುವಾಕ್ಯದಂತೆ ಸ್ವೀಕರಿಸಿದರೂ ಅದನ್ನು ನಗರದಿಂದ ಗದ್ದೆಗೆ ಕೊಂಡೊಯ್ದರು.

ಈ ಸಂದರ್ಭದಲ್ಲಿ ಕನ್ನಡನಾಡಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಬೇಕು. ರಾಧಾಕಮಲರ ಅಣ್ಣ ರಾಧಾಕುಮುದ ಮುಕರ್ಜಿಯವರು 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅದರ ಮೊದಲ ವರ್ಷಗಳಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದರು. ಪ್ರಾಚೀನ ಭಾರತದ ಸ್ಥಳೀಯ ಆಡಳಿತವನ್ನು ಕುರಿತ ಅವರ ಪ್ರಸಿದ್ಧ ಗ್ರಂಥ ಹೊರಬಂದದ್ದು ಆ ಕಾಲದಲ್ಲಿಯೇ, 1919ರಲ್ಲಿ. ದಕ್ಷಿಣದ ಶಾಸನಗಳಲ್ಲಿ ಕಾಣುವ ಗ್ರಾಮಸಭೆಗಳು, ಅವುಗಳ ಕೆರೆಯ ಸಮಿತಿ, ತೋಟದ ಸಮಿತಿಗಳ ವಿವರಣೆಗೆ ಅದರಲ್ಲಿ ವಿಶೇಷ ಸ್ಥಾನವಿದೆ. ತಮ್ಮನ 'ಡೆಮಾಕ್ರಸೀಸ್ ಆಫ್ ದಿ ಈಸ್ಟ್' 1923ರಲ್ಲಿ ಪ್ರಕಟವಾಯಿತು. ಎರಡನ್ನೂ ಪಕ್ಕದಲ್ಲಿಟ್ಟು ಓದಿದವರಿಗೆ ಅಣ್ಣನು ಶಾಸನಗಳಲ್ಲಿ ಕಂಡ ಗ್ರಾಮಸಮುದಾಯವನ್ನೇ ತಮ್ಮನು ವರ್ತಮಾನದ ಹಳ್ಳಿಯಲ್ಲಿ ಹುಡುಕುತ್ತಿದ್ದನೆಂಬುದು ಮನವರಿಕೆಯಾಗದಿರದು. 1921ರಲ್ಲಿ ಲಖ್ನೋ ವಿಶ್ವವಿದ್ಯಾನಿಲಯ ಆರಂಭವಾದಾಗ ಇಬ್ಬರೂ ಅಲ್ಲಿಗೆ ಹೋದರು. ಅಣ್ಣ ಇತಿಹಾಸದ ಪೀಠಕ್ಕೆ, ತಮ್ಮ ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರದ ಪೀಠಕ್ಕೆ.

ಲಖ್ನೋದಲ್ಲಿ ಅರ್ಥಶಾಸ್ತ್ರವೂ ಸಮಾಜಶಾಸ್ತ್ರವೂ ಒಂದೇ ವಿಭಾಗದಲ್ಲಿದ್ದುದು ಕೇವಲ ಆಡಳಿತದ ಅನುಕೂಲಕ್ಕೆಂದು ತಿಳಿಯಬಾರದು. ಮುಕರ್ಜಿಯವರ ಅಧ್ಯಯನಕ್ರಮಕ್ಕೆ ಅದೇ ಆಧಾರ. ಡಿ. ಪಿ. ಮುಕರ್ಜಿ, ಮಾನವಶಾಸ್ತ್ರಜ್ಞ ಡಿ. ಎನ್. ಮಜುಂದಾರ್ ಮೊದಲಾದವರು ಅವರ ಸಹೋದ್ಯೋಗಿಗಳಾದರು. ವಿದ್ಯಾರ್ಥಿಗಳನ್ನು ಅವಧ್ ಪ್ರಾಂತದ ಹಳ್ಳಿಗಳಿಗೆ ಕಳುಹಿಸಿ ಹಿಡುವಳಿ, ಬೆಳೆ, ಸಾಲ, ದನಕರುಗಳ ಲೆಕ್ಕವನ್ನು ತರಿಸುತ್ತಿದ್ದರು. ಈ ಸಮೀಕ್ಷೆಗಳು 1929ರಲ್ಲಿ 'ಫೀಲ್ಡ್ಸ್ ಅಂಡ್ ಫಾರ್ಮರ್ಸ್ ಇನ್ ಔಧ್' ಎಂಬ ಸಂಪುಟವಾಗಿ ಬಂದವು. ಅದಕ್ಕೆ ಮುಂಚೆ, 1926ರಲ್ಲಿ, 'ರೀಜನಲ್ ಸೋಷಿಯಾಲಜಿ' ಪ್ರಕಟವಾಗಿತ್ತು. ಅದೇ ಕಾಲದಲ್ಲಿ ಅಮೆರಿಕದ ಷಿಕಾಗೋದಲ್ಲಿ ರಾಬರ್ಟ್ ಪಾರ್ಕ್ ಮತ್ತು ಅವರ ಸಂಗಡಿಗರು ಮಾನವ ಪರಿಸರಶಾಸ್ತ್ರವೆಂಬ ಹೆಸರಿನಿಂದ ಒಂದು ಅಧ್ಯಯನವನ್ನು ನಡೆಸುತ್ತಿದ್ದರು. ಹೆಸರು ಒಂದಾದರೂ ವಸ್ತು ಬೇರೆ. ಷಿಕಾಗೋದವರಿಗೆ ಪರಿಸರವೆಂದರೆ ನಗರದ ಬೀದಿ, ಬಡಾವಣೆ, ವಲಸೆಬಂದವರ ಪೈಪೋಟಿ. ಮುಕರ್ಜಿಯವರಿಗೆ ಅದು ಮಣ್ಣು, ಮಳೆ, ಮರ, ದನ, ಮನುಷ್ಯ ಇವುಗಳ ಪರಸ್ಪರ ಬಂಧ. ಕಾಡು ಕಡಿದರೆ ಹೊಳೆ ಕೆಡುತ್ತದೆ. ಹೊಳೆ ಕೆಟ್ಟರೆ ಬೆಳೆ. ಸೌದೆ ಸಿಗದೆ ಸಗಣಿಯನ್ನು ಒಲೆಗೆ ಹಾಕಿದರೆ ಹೊಲಕ್ಕೆ ಗೊಬ್ಬರವಿಲ್ಲ. ಹಳ್ಳಿಯ ಒಕ್ಕಲಿಗನಿಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ಆಗಿನ ಅರ್ಥಶಾಸ್ತ್ರದ ಪಠ್ಯಗಳಲ್ಲಿ ಇದಕ್ಕೆ ಎಡೆಯಿರಲಿಲ್ಲ.

ಏಕೆ ಇರಲಿಲ್ಲವೆಂಬುದನ್ನು ಸ್ವಲ್ಪ ವಿವರಿಸುವುದು ಉಚಿತ. ಭೂಮಿಯ ಗೇಣಿಯೆಂದರೆ ಮಣ್ಣಿನ ಮೂಲಭೂತವೂ ಅವಿನಾಶಿಯೂ ಆದ ಶಕ್ತಿಗಳ ಬಳಕೆಗೆ ತೆರುವ ಬೆಲೆಯೆಂದು ರಿಕಾರ್ಡೊ 1817ರಲ್ಲಿ ನಿರೂಪಿಸಿದ್ದನು. ಈ ನಿರೂಪಣೆಯಲ್ಲಿ 'ಅವಿನಾಶಿ' ಎಂಬ ವಿಶೇಷಣವನ್ನು ಒಪ್ಪಿಕೊಂಡ ಕೂಡಲೇ ಮಣ್ಣು ಅರ್ಥಶಾಸ್ತ್ರಜ್ಞನ ಚಿಂತೆಯಿಂದ ಹೊರಗೆ ಹೋಗುತ್ತದೆ. ಅದರ ಒಡೆತನವೂ ಬೆಲೆಯೂ ಮಾತ್ರ ಒಳಗೆ ಉಳಿಯುತ್ತವೆ. ಯಮುನೆ ಚಂಬಲ್‌ಗಳ ದಡದಲ್ಲಿ ಒಳ್ಳೆಯ ಹೊಲಗಳು ಕೊರಕಲುಗಳಾಗಿ ಕೊಚ್ಚಿಹೋಗಿರುವ ಪ್ರದೇಶಗಳಿಗೆ ಬಹು ದೂರವಲ್ಲದ ಲಖ್ನೋದಲ್ಲಿ ಕುಳಿತವನಿಗೆ ಈ ವಿಶೇಷಣ ಒಪ್ಪಿಗೆಯಾಗುವಂತಿರಲಿಲ್ಲ. ಬಂಗಾಳದ ಮುಖಜಭೂಮಿಯಲ್ಲಿ ಹುಟ್ಟಿದವನಿಗಂತೂ ಮಣ್ಣಿನ ಶಕ್ತಿಯೆಂಬುದು ವರ್ಷವರ್ಷವೂ ನೆರೆಯೊಡನೆ ಬಂದು ಸೇರಬೇಕಾದ ವಸ್ತು. ನೆರೆ ನಿಂತರೆ ಅದೂ ನಿಂತಿತು.

ನಾವು ಮೇಲೆ ಸೂಚಿಸಿದ ಪುಸ್ತಕ ಈ ವಿಷಯವನ್ನು ಕುರಿತದ್ದೇ ಆಗಿದೆ. ಕಲ್ಕತ್ತ ವಿಶ್ವವಿದ್ಯಾನಿಲಯ 1938ರಲ್ಲಿ ಪ್ರಕಟಿಸಿದ 'ದಿ ಚೇಂಜಿಂಗ್ ಫೇಸ್ ಆಫ್ ಬೆಂಗಾಲ್' ಎಂಬ ಈ ಗ್ರಂಥಕ್ಕೆ ನದೀ ಆರ್ಥಿಕತೆಯ ಅಧ್ಯಯನವೆಂಬ ಉಪಶೀರ್ಷಿಕೆಯಿದೆ. ಅದರ ವಾದವನ್ನು ಅರಿಯಲು ಬಂಗಾಳದ ನದಿಗಳ ಚರಿತ್ರೆಯ ಒಂದೆರಡು ಅಂಶಗಳನ್ನು ನೆನಪಿಡಬೇಕು. ಹದಿನಾರನೆಯ ಶತಮಾನದಿಂದೀಚೆಗೆ ಗಂಗೆಯ ಮುಖ್ಯಪ್ರವಾಹ ಪಶ್ಚಿಮದ ಭಾಗೀರಥಿಯನ್ನು ಬಿಟ್ಟು ಪೂರ್ವದ ಪದ್ಮೆಯ ಕಡೆಗೆ ಸರಿಯುತ್ತ ಬಂದಿತು. 1787ರ ಮಹಾಪ್ರವಾಹದಲ್ಲಿ ತೀಸ್ತಾ ನದಿ ಗಂಗೆಯನ್ನು ತೊರೆದು ಬ್ರಹ್ಮಪುತ್ರವನ್ನು ಸೇರಿತು. ಅನಂತರದ ದಶಕಗಳಲ್ಲಿ ಬ್ರಹ್ಮಪುತ್ರವೇ ತನ್ನ ಹಳೆಯ ಪಾತ್ರವನ್ನು ಬಿಟ್ಟು ಪಶ್ಚಿಮಕ್ಕೆ ಸರಿದು ಇಂದಿನ ಜಮುನೆಯ ಜಾಡನ್ನು ಹಿಡಿಯಿತು. 1764ರಿಂದ 1777ರವರೆಗೆ ಮೋಜಣಿ ಮಾಡಿದ ಜೇಮ್ಸ್ ರೆನೆಲ್ಲನ ನಕ್ಷೆಗಳನ್ನು ಇಂದಿನ ನಕ್ಷೆಯ ಪಕ್ಕದಲ್ಲಿಟ್ಟರೆ ಇದು ಒಂದೇ ದೇಶದ ನಕ್ಷೆಯೇ ಎಂದು ಸಂಶಯ ಬರುತ್ತದೆ.

ಈ ಸ್ಥಳಾಂತರದಿಂದ ಬಂಗಾಳ ಎರಡಾಯಿತು. ಪೂರ್ವದಲ್ಲಿ ನದಿಗಳು ಇನ್ನೂ ನೆಲವನ್ನು ಕಟ್ಟುತ್ತಿದ್ದವು. ಪ್ರತಿ ವರ್ಷವೂ ಹೊಸ ಮೆಕ್ಕಲು, ಅದರ ಮೇಲೆ ಭತ್ತ, ಸೆಣಬು, ಒತ್ತೊತ್ತಾಗಿ ಜನ. ಪಶ್ಚಿಮ ಮತ್ತು ಮಧ್ಯ ಬಂಗಾಳದ ಮುರ್ಷಿದಾಬಾದ್, ನಾದಿಯಾ, ಜೆಸೋರ್ ಜಿಲ್ಲೆಗಳಲ್ಲಿ ನದಿಗಳು ಸಾಯುತ್ತಿದ್ದವು. ಬಾಯಿ ಹೂತ ಕವಲುಗಳು, ಪಾಚಿಗಟ್ಟಿದ ಮಡುಗಳು, ಸೊರಗಿದ ಗದ್ದೆಗಳು, ಚಳಿಜ್ವರ. ವ್ಯತ್ಯಾಸದ ಪ್ರಮಾಣ ಖಾನೇಷುಮಾರಿಯ ಅಂಕಿಗಳಿಂದ ತಿಳಿಯುತ್ತದೆ. 1901ರಲ್ಲಿ ಜೆಸೋರ್ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ. 1921ರಲ್ಲಿ ಅದು ಸುಮಾರು 17 ಲಕ್ಷಕ್ಕೆ ಇಳಿದಿತ್ತು. ಅದೇ ಇಪ್ಪತ್ತು ವರ್ಷಗಳಲ್ಲಿ ಪೂರ್ವದ ಮೈಮನ್‌ಸಿಂಗ್ ಜಿಲ್ಲೆ ಸುಮಾರು 39 ಲಕ್ಷದಿಂದ 48 ಲಕ್ಷಕ್ಕೆ ಏರಿತ್ತು. ಎರಡೂ ಒಂದೇ ಸರಕಾರದ, ಒಂದೇ ಖಾಯಂ ಜಮಾಬಂದಿಯ ಅಡಿಯಲ್ಲಿದ್ದ ಜಿಲ್ಲೆಗಳೆಂಬುದನ್ನು ಗಮನಿಸಬೇಕು. ಬಂಗಾಳದ ರೈತನ ಸ್ಥಿತಿಯನ್ನು 1793ರ ಜಮೀನ್ದಾರಿ ಕಾನೂನಿನಿಂದಲೇ ವಿವರಿಸಿ ಮುಗಿಸುವ ನಮ್ಮ ಪಠ್ಯಪುಸ್ತಕಗಳು ಈ ಅಂಕಿಗಳ ಮುಂದೆ ಮೌನವಹಿಸಬೇಕಾಗುತ್ತದೆ.

ನದಿ ತಾನಾಗಿಯೇ ಸರಿಯಿತೆಂದು ಹೇಳಿ ಮುಕರ್ಜಿಯವರು ಸುಮ್ಮನಾಗಲಿಲ್ಲ. ಪ್ರಕೃತಿಯ ಕಾರ್ಯಕ್ಕೆ ಮನುಷ್ಯನ ಕಾರ್ಯ ಸೇರಿ ಅನಾಹುತ ಇಮ್ಮಡಿಯಾಯಿತೆಂಬುದೇ ವಾದದ ತಿರುಳು. ಇಲ್ಲಿ ಅವರಿಗಿಂತ ಮುಂಚೆ ಇಬ್ಬರು ದಾರಿ ಮಾಡಿದ್ದರು. ಬಂಗಾಳದ ಸಾರ್ವಜನಿಕ ಆರೋಗ್ಯ ಇಲಾಖೆಯ ಡಾ. ಸಿ. ಎ. ಬೆಂಟ್ಲಿ 1925ರಲ್ಲಿ, ನೆರೆಯ ಕೆಂಪುನೀರು ಹರಿದಾಡುವ ನೆಲದಲ್ಲಿ ಮಲೇರಿಯ ಕಡಿಮೆಯೆಂದೂ, ಒಡ್ಡುಗಳು ಆ ನೀರನ್ನು ತಡೆದಲ್ಲೆಲ್ಲ ಬೆಳೆಯೂ ಆರೋಗ್ಯವೂ ಒಟ್ಟಿಗೆ ಕುಸಿಯುವುವೆಂದೂ ತೋರಿಸಿದ್ದರು. ಈಜಿಪ್ಟಿನಲ್ಲಿ ಅಸ್ವಾನಿನ ಮೊದಲ ಅಣೆಕಟ್ಟಿನಿಂದ ಹೆಸರಾದ ಇಂಜಿನಿಯರ್ ವಿಲಿಯಂ ವಿಲ್‌ಕಾಕ್ಸ್ 1930ರಲ್ಲಿ ಕಲ್ಕತ್ತದಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಬಂಗಾಳದ ಸತ್ತ ನದಿಗಳಲ್ಲಿ ಹಲವು ನಿಜವಾಗಿ ಪ್ರಾಚೀನರು ತೋಡಿದ ಕಾಲುವೆಗಳೆಂದೂ, ನೆರೆಯನ್ನು ಗದ್ದೆಗಳಿಗೆ ಹಂಚುವ ವ್ಯವಸ್ಥೆ ಅದಾಗಿತ್ತೆಂದೂ ವಾದಿಸಿದ್ದರು. ಇದು ಎಲ್ಲರಿಗೂ ಸಮ್ಮತವಾದುದಲ್ಲ; ಆ ಕಾಲದಲ್ಲಿಯೇ ಇಂಜಿನಿಯರುಗಳು ಅದನ್ನು ಆಕ್ಷೇಪಿಸಿದರು. ಆದರೆ ಒಡ್ಡುಗಳ ವಿಷಯ ಊಹೆಯಲ್ಲ. ಹೌರಾದಿಂದ ರಾಣಿಗಂಜಿಗೆ ರೈಲುಮಾರ್ಗ 1855ರಲ್ಲಿ ತೆರೆಯಿತು. ಅದನ್ನೂ ಬರ್ದ್ವಾನ್ ಪಟ್ಟಣವನ್ನೂ ದಾಮೋದರ ನದಿಯ ನೆರೆಯಿಂದ ಕಾಪಾಡಲು ಎಡದಂಡೆಯ ಒಡ್ಡನ್ನು ಬಲಪಡಿಸಿ ಬಲದಂಡೆಯದರಲ್ಲಿ ಒಂದು ಭಾಗವನ್ನು ಕಿತ್ತುಹಾಕಿದರು. 1860ರ ದಶಕದಲ್ಲಿ ಆ ಜಿಲ್ಲೆಯನ್ನು ಹಾಳುಗೆಡವಿದ ಮಾರಿ 'ಬರ್ದ್ವಾನ್ ಜ್ವರ'ವೆಂದೇ ದಾಖಲೆಗಳಲ್ಲಿ ಹೆಸರಾಯಿತು.

ಮುಕರ್ಜಿಯವರ ವಿಶೇಷವೆಂದರೆ ವೈದ್ಯನ ಜ್ವರವನ್ನೂ ಇಂಜಿನಿಯರನ ಒಡ್ಡನ್ನೂ ಅರ್ಥಶಾಸ್ತ್ರಜ್ಞನ ಬೆಳೆಯನ್ನೂ ಇತಿಹಾಸಕಾರನ ಹಳೆಯ ನಕ್ಷೆಯನ್ನೂ ಒಂದೇ ಮೇಜಿನ ಮೇಲೆ ಇಟ್ಟದ್ದು. ರೈಲುಮಾರ್ಗದಿಂದ ಬಂದ ಲಾಭ ಕಂಪೆನಿಯ ಲೆಕ್ಕದಲ್ಲಿತ್ತು. ಅದರ ಏರಿಯ ಹಿಂದೆ ನಿಂತ ನೀರಿನಿಂದ ಕೆಟ್ಟ ಗದ್ದೆಯ ನಷ್ಟ ಯಾರ ಲೆಕ್ಕದಲ್ಲಿಯೂ ಇರಲಿಲ್ಲ. ಈ ಬರೆಯದ ಖರ್ಚನ್ನು ಲೆಕ್ಕಕ್ಕೆ ತರಬೇಕೆಂಬುದೇ ಇಂದಿನ ಪರಿಸರ ಅರ್ಥಶಾಸ್ತ್ರದ ಮುಖ್ಯ ಬೇಡಿಕೆಯಲ್ಲವೆ?

ಹಾಗೆಂದು ಪುಸ್ತಕದ ವಾದವನ್ನು ಪೂರ್ತಿಯಾಗಿ ಒಪ್ಪುವುದು ನಮಗೆ ಸಾಧ್ಯವಾಗಿಲ್ಲ. ಮೈಮನ್‌ಸಿಂಗಿನ ಏಳಿಗೆಗೆ ಮೆಕ್ಕಲಿನಷ್ಟೇ ಸೆಣಬಿನ ಬೆಲೆಯೂ ಕಾರಣ. ಆ ಬೆಲೆ ನಿರ್ಧಾರವಾಗುತ್ತಿದ್ದುದು ಪದ್ಮೆಯ ದಡದಲ್ಲಲ್ಲ, ದೂರದ ಮಾರುಕಟ್ಟೆಗಳಲ್ಲಿ. ಅದಕ್ಕಿಂತ ಗಂಭೀರವಾದ ಆಕ್ಷೇಪಣೆಯನ್ನು ಕಾಲವೇ ಒಡ್ಡಿತು. 1953ರಲ್ಲಿ ಭಾರತದಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಡಿ.ಡಿ.ಟಿ. ಸಿಂಪಡಿಸಿದಾಗ ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿಯೂ ಜ್ವರ ಬಹುಮಟ್ಟಿಗೆ ಇಳಿಯಿತು. ಆದರೆ ನದಿಗಳು ಮರಳಿ ಜೀವ ತಳೆಯಲಿಲ್ಲ. ನದಿ, ಬೆಳೆ, ಆರೋಗ್ಯ ಒಂದೇ ಹಗ್ಗದ ಮೂರು ಎಳೆಗಳೆಂದು ಮುಕರ್ಜಿಯವರು ಭಾವಿಸಿದ್ದರು. ಒಂದು ಎಳೆಯನ್ನು ಬಿಡಿಸಿ ತೆಗೆಯುವುದು ಸಾಧ್ಯವೆಂದು ತೋರಿತು. ಪ್ರಕೃತಿಯಲ್ಲಿ ಎಲ್ಲಕ್ಕೂ ಎಲ್ಲವೂ ಸಂಬಂಧಿಸಿದೆಯೆಂಬ ಮಾತು ನಿಜವೇ ಆದರೂ ಯಾವುದಕ್ಕೆ ಯಾವುದು ಎಷ್ಟು ಸಂಬಂಧಿಸಿದೆ ಎಂಬುದನ್ನು ಅಳೆಯದಿದ್ದರೆ ಅದು ಶಾಸ್ತ್ರವಾಗದು.

ಅವರ ಇತರ ಗ್ರಂಥಗಳ ದೌರ್ಬಲ್ಯವಿರುವುದು ಇಲ್ಲಿಯೇ. ಸಮತೋಲ, ಸಾಮರಸ್ಯ ಎಂಬ ಪದಗಳು ಪುಟದಿಂದ ಪುಟಕ್ಕೆ ಬೆಳೆದು ಕೊನೆಗೆ ಏನನ್ನು ಬೇಕಾದರೂ ಸೂಚಿಸುತ್ತವೆ. ಹಳ್ಳಿಯ ಹುಲ್ಲುಗಾವಲು, ತೋಪು, ಕೆರೆಗಳ ಮೇಲಿನ ಸಾಮೂಹಿಕ ಹಕ್ಕನ್ನು ಅವರು ಬಹುವಾಗಿ ಕೊಂಡಾಡಿದರು. ಗೋಮಾಳ ಗುಂಡುತೋಪುಗಳ ಕಥೆ ಬಲ್ಲ ನಮ್ಮವರಿಗೆ ಅದರ ಬೆಲೆ ತಿಳಿಯದ್ದಲ್ಲ. ಆದರೆ ಆ ಕೆರೆಯ ನೀರನ್ನು ಮುಟ್ಟಲಾರದವರು ಯಾರೆಂಬ ಪ್ರಶ್ನೆಗೆ ಅವರ ಗ್ರಂಥಗಳಲ್ಲಿ ಸಾಕಾದಷ್ಟು ಉತ್ತರವಿಲ್ಲ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಗ್ರಾಮಸಮುದಾಯದ ಆರಾಧನೆಯನ್ನು ಖಂಡಿಸಿದಾಗ ಆ ಏಟು ಮುಕರ್ಜಿಯವರಂಥ ಪಂಡಿತರಿಗೂ ತಗುಲಿತೆನ್ನಬೇಕು. ಜನಸಂಖ್ಯೆಯನ್ನು ಕುರಿತ ಅವರ ಬರಹಗಳಲ್ಲಿ ಆ ಕಾಲದ ಸುಪ್ರಜನನವಾದದ ಛಾಯೆಯೂ ಉಂಟು. ಅದನ್ನು ಮುಚ್ಚಿಡುವುದು ಅವರಿಗೆ ಮಾಡುವ ಉಪಕಾರವಲ್ಲ.

1938ರಲ್ಲಿ ನೆಹರೂ ಅವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸು ರಚಿಸಿದ ರಾಷ್ಟ್ರೀಯ ಯೋಜನಾ ಸಮಿತಿಯಲ್ಲಿ ಮುಕರ್ಜಿಯವರು ಜನಸಂಖ್ಯೆಯ ಉಪಸಮಿತಿಯ ಅಧ್ಯಕ್ಷರಾಗಿದ್ದರು. ಅದೇ ವರ್ಷ ಬಂದ ಅವರ ಇನ್ನೊಂದು ಗ್ರಂಥ ನಲವತ್ತು ಕೋಟಿ ಜನರಿಗೆ ಆಹಾರ ಒದಗಿಸುವ ಯೋಜನೆಯನ್ನು ಕುರಿತದ್ದು. ಐದು ವರ್ಷಗಳಲ್ಲಿ ಬಂಗಾಳದ ಕ್ಷಾಮ ಬಂದಿತು. ಸ್ವಾತಂತ್ರ್ಯಾನಂತರ ಯೋಜನೆಯ ಭಾಷೆಯೇ ಬದಲಾಯಿತು. 1956ರಲ್ಲಿ ಆರಂಭವಾದ ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲಕ್ಕೆ ಅರ್ಥಶಾಸ್ತ್ರವೆಂದರೆ ಬಂಡವಾಳ ಮತ್ತು ಉತ್ಪನ್ನಗಳ ಸಮೀಕರಣ. ನದಿಯೆಂದರೆ ಕಿಲೋವಾಟು ಮತ್ತು ಎಕರೆ. ಮುಕರ್ಜಿಯವರು 1955ರಲ್ಲಿ ಲಖ್ನೋ ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರರಾದರು, ಗೌರವಕ್ಕೆ ಕೊರತೆಯಾಗಲಿಲ್ಲ. ಆದರೆ ಅವರ ಲೇಖನಿ ಆ ವೇಳೆಗೆ ಮೌಲ್ಯಮೀಮಾಂಸೆ, ಕಲೆ, ಅಧ್ಯಾತ್ಮಗಳ ಕಡೆಗೆ ತಿರುಗಿತ್ತು. ನದಿಗಳ ಪುಸ್ತಕಕ್ಕೆ ಸರಿಸಾಟಿಯಾದ ಇನ್ನೊಂದನ್ನು ಅವರು ಬರೆಯಲಿಲ್ಲ. ಇದು ನಮಗೆ ಕೊಂಚ ಖೇದದ ಸಂಗತಿಯಾಗಿ ತೋರುತ್ತದೆ. ಐವತ್ತರ ದಶಕದಲ್ಲಿ ದಾಮೋದರದ ಕಣಿವೆಯಲ್ಲಿ ಒಂದರ ಬಳಿಕ ಒಂದು ಅಣೆಕಟ್ಟು ಏಳುತ್ತಿದ್ದಾಗ, ಆ ಕಣಿವೆಯ ನೂರು ವರ್ಷಗಳ ಒಡ್ಡುಗಳ ಚರಿತ್ರೆಯನ್ನು ಬಲ್ಲವರು ಇನ್ನೂ ನಮ್ಮೊಡನೆಯೇ ಇದ್ದರು.

1992ರಲ್ಲಿ ಬೆಂಗಳೂರು ನಿವಾಸಿಗಳಾದ ಇತಿಹಾಸಕಾರ ರಾಮಚಂದ್ರ ಗುಹ ಅವರು ಭಾರತೀಯ ಪರಿಸರವಾದದ ಪೂರ್ವೇತಿಹಾಸವನ್ನು ಕುರಿತ ಪ್ರಬಂಧದಲ್ಲಿ ಗೆಡ್ಡಿಸ್, ಜೆ. ಸಿ. ಕುಮಾರಪ್ಪ ಮೊದಲಾದವರ ಸಾಲಿನಲ್ಲಿ ಮುಕರ್ಜಿಯವರನ್ನು ಮರಳಿ ಕರೆತಂದರು. ಗುಹ ಅವರು ಚಿಂತಕ ಮುಕರ್ಜಿಯವರನ್ನು ಎತ್ತಿಹಿಡಿದರೆ, ನಾವು ಹಳೆಯ ನಕ್ಷೆಗಳನ್ನು ಓದಿದ ಮುಕರ್ಜಿಯವರನ್ನು ಇನ್ನೂ ಹೆಚ್ಚಾಗಿ ಬಯಸುತ್ತೇವೆ. ಭೇದ ಇಷ್ಟೇ.

ಭಾಗೀರಥಿಯ ಕಥೆ ಮಾತ್ರ ಅವರ ಕಾಲಕ್ಕೆ ಮುಗಿಯಲಿಲ್ಲ. ಹೂಳು ತುಂಬುತ್ತಿದ್ದ ಕಲ್ಕತ್ತ ಬಂದರನ್ನು ಉಳಿಸಲು ಗಂಗೆಗೆ ಅಡ್ಡಲಾಗಿ ಫರಕ್ಕಾದಲ್ಲಿ ಕಟ್ಟಿದ ಬ್ಯಾರೇಜು 1975ರಲ್ಲಿ ಕಾರ್ಯಾರಂಭ ಮಾಡಿತು. ಅಲ್ಲಿಂದ ಸುಮಾರು 38 ಕಿಲೋಮೀಟರು ಉದ್ದದ ಕಾಲುವೆ ಗಂಗೆಯ ನೀರನ್ನು ಭಾಗೀರಥಿಗೆ ತರುತ್ತದೆ. ಮುಕರ್ಜಿಯವರ ಹುಟ್ಟೂರಿನ ಮುಂದೆ ಈಗ ಬೇಸಗೆಯಲ್ಲಿಯೂ ನೀರು ಹರಿಯುತ್ತದೆ. ಅತ್ತ ಮಾಲ್ದಾ ಮತ್ತು ಮುರ್ಷಿದಾಬಾದ್ ಜಿಲ್ಲೆಗಳ ಗಂಗಾತೀರದಲ್ಲಿ ದಡ ಕುಸಿದು ಹಳ್ಳಿಗಳು ನೀರುಪಾಲಾಗಿವೆ. ಕೆಳಗಿನ ದೇಶದೊಡನೆ ನೀರಿನ ಹಂಚಿಕೆಯ ವಿವಾದ ಎದ್ದು, 1996ರಲ್ಲಿ ಮೂವತ್ತು ವರ್ಷಗಳ ಅವಧಿಯ ಒಪ್ಪಂದವಾಯಿತು. ನದಿಗಳನ್ನು ಒಂದೇ ಶರೀರವೆಂದು ಎಣಿಸಿದ್ದ ಆ ಪುಸ್ತಕ ಪ್ರಕಟವಾದ ಒಂಬತ್ತೇ ವರ್ಷಗಳಲ್ಲಿ ಗಡಿರೇಖೆ ಮುಖಜಭೂಮಿಯನ್ನು ಎರಡಾಗಿ ಸೀಳಿತು. ಮುರ್ಷಿದಾಬಾದ್ ಭಾರತಕ್ಕೆ, ಮೈಮನ್‌ಸಿಂಗ್ ಇಂದಿನ ಬಾಂಗ್ಲಾದೇಶಕ್ಕೆ ಸೇರಿದವು. ನಾದಿಯಾ, ಜೆಸೋರ್ ಜಿಲ್ಲೆಗಳು ಎರಡು ಕಡೆಗೂ ಹಂಚಿಹೋದವು. 1941ರವರೆಗೆ ಒಂದೇ ಸಂಪುಟದಲ್ಲಿದ್ದ ಅವುಗಳ ಖಾನೇಷುಮಾರಿ ಅಂದಿನಿಂದ ಎರಡು ರಾಜಧಾನಿಗಳಲ್ಲಿ ಅಚ್ಚಾಗುತ್ತ ಬಂದಿದೆ.